ಎಬ್ಬಿಸದ ದಾನಮ್ಮ

ಹುಟ್ಟಿದಾಗಿನಿಂದ ನನ್ನನ್ನು ಯಾರಾದರೊಬ್ಬರು ಎಬ್ಬಿಸುತ್ತಲೇ ಬಂದಿದ್ದಾರೆ. ಮೊದಲು ಅಮ್ಮ, ಆಮೇಲೆ ಅಪ್ಪ, ಈಗ ಹೆಂಡತಿ ಪಂಕಜಾ. ನನ್ನ ಬಿ.ಕಾಂ. ಪದವಿಯಲ್ಲಿ ಹೆಸರಷ್ಟೇ ನನ್ನದು, ಬೆಳಗಿನ ಶ್ರಮವೆಲ್ಲ ಅಪ್ಪನದು. ಘಟಿಕೋತ್ಸವಕ್ಕೆ ಅವರಿಗೇ ಗೌನು ತೊಡಿಸಿ ಕಳಿಸಬೇಕಿತ್ತು. ಇಂಥ ನನಗೆ ನಾಗರಬಾವಿಯಲ್ಲಿ ಪಕ್ಕದ ಮನೆಯವರಾಗಿ ಸಿಕ್ಕವರು ದಾನಮ್ಮ.

ಬಾಗಲಕೋಟೆ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಹಡಿಯ ಮೂರು ಕೋಣೆಗಳಲ್ಲಿ ಕಾಲೇಜು ಹುಡುಗರನ್ನು ಇಟ್ಟುಕೊಂಡು, ರೊಟ್ಟಿ ಪಲ್ಯ ಬಡಿಸಿ ಜೀವನ ನಡೆಸುತ್ತಾರೆ. ಒಣಹಾಕಿದ ಬಟ್ಟೆಗೆ ಮಳೆ ಬಂದರೆ ಓಡಿಹೋಗಿ ತೆಗೆಯುತ್ತಾರೆ, ಜ್ವರ ಬಂದವನಿಗೆ ಕಷಾಯ ಕುಡಿಸುತ್ತಾರೆ. ಆದರೆ ಯಾರನ್ನೂ ನಿದ್ದೆಯಿಂದ ಎಬ್ಬಿಸುವುದಿಲ್ಲ, ಯಾರಿಗೂ ‘ಓದು’ ಅನ್ನುವುದಿಲ್ಲ.

“ಎದ್ದವ್ರಿಗೆ ಚಾ, ಮಲಗಿದವ್ರಿಗೆ ಹೊದಿಕಿ. ಎರಡೂ ನಂದ. ಏಳೂದು ಅವ್ರದ್ರಿ” ಎಂಬುದು ಅವರ ಸಂವಿಧಾನ.

ಹಿಂದಿನ ರಸ್ತೆಯಲ್ಲೊಂದು ಹಾಸ್ಟೆಲ್ ಇದೆ. ಬೆಳಿಗ್ಗೆ ಗಂಟೆ, ಮೂಲೆ ಮೂಲೆಗೂ ಕ್ಯಾಮೆರಾ, ಮೀಸೆಯ ವಾರ್ಡನ್. ತಂದೆತಾಯಿಗಳು ಆ ಮೀಸೆ ನೋಡಿಯೇ ಅಡ್ವಾನ್ಸ್ ಕೊಡುತ್ತಾರೆ. ದಾನಮ್ಮನವರ ಮನೆಯಿಂದ ಅಲ್ಲಿಗೆ ಹೋದ ಹುಡುಗರೂ ಇದ್ದಾರೆ. ದಾನಮ್ಮ ಮಾತ್ರ ಬದಲಾಗಲಿಲ್ಲ.

ಹಾಗಿರುವಾಗ ಬಂದವನು ರಾಣೆಬೆನ್ನೂರಿನ ಗಿರಿರಾಜ್, ಕಾನೂನು ವಿದ್ಯಾರ್ಥಿ. ಅವನ ತಂದೆ ಚನ್ನವೀರಪ್ಪ ಬೀಜದ ವ್ಯಾಪಾರಿ. ದಿನಾ ಬೆಳಿಗ್ಗೆ ರಾಣೆಬೆನ್ನೂರಿನಿಂದಲೇ ಫೋನ್ ಮಾಡಿ ಮಗನನ್ನು ಎಬ್ಬಿಸುತ್ತಿದ್ದರು. ಒಮ್ಮೆ ನೆಟ್‌ವರ್ಕ್ ಸಿಗದೆ ಫೋನ್ ಬರಲಿಲ್ಲ, ಕ್ಲಾಸ್ ತಪ್ಪಿತು. “ಅಪ್ಪಾಜಿ ಎಬ್ಬಿಸ್ಲಿಲ್ಲ ಆಂಟಿ” ಎಂದು ಹುಡುಗ ಪ್ರತಿವಾದಿಯ ಮೇಲೆ ದಾವೆ ಹೂಡಿದವನಂತೆ ಹೇಳಿದ. ಅವತ್ತೇ ದಾನಮ್ಮ ಚನ್ನವೀರಪ್ಪನವರಿಗೆ, ಇನ್ನು ಫೋನ್ ಮಾಡಬೇಡಿ ಎಂದರು.

“ಆತ್ರಿ ಅಕ್ಕಾರ. ಆದ್ರ ಒಂದು ಪೇಪರ್ ತಪ್ಪಿದ್ರೂ ಇವನ್ನ ಹಾಸ್ಟೆಲ್ಲಿಗೆ ಹಾಕ್ತೀನಿ. ನನ್ನ ತಮ್ಮನ ಹುಡುಗ್ರು ಇಬ್ರು ನಿಮ್ಮಲ್ಲಿ ಅದಾರಲ್ಲ, ಅವ್ರನ್ನೂ ಕರ್ಕೊಂಡ ಹೋಗಾಂವ.”

ಅಂದರೆ ಮಹಡಿ ಪೂರ್ತಿ ಖಾಲಿ. ದಾನಮ್ಮ ಒಪ್ಪಿಕೊಂಡರು.

ಪರೀಕ್ಷೆ ಶುರುವಾಯಿತು. ಮೊದಲ ಪೇಪರಿನ ಬೆಳಿಗ್ಗೆ ಪಂಕಜಾಳ ಕೃಪೆಯಿಂದ ಎದ್ದು ವಾಕಿಂಗ್ ಹೊರಟವನು ನೋಡುತ್ತೇನೆ: ಗಿರಿರಾಜನ ಕಿಟಕಿಯ ಪರದೆ ಸರಿದಿಲ್ಲ. ಮೊಬೈಲಿನ ಅಲಾರಾಂ ಕೂಗಿತು, ಯಾರೋ ಅದರ ಕತ್ತು ಹಿಸುಕಿದಂತೆ ನಿಂತಿತು. ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಗೇಟು ತೆಗೆದೆ. ಅಂಗಳದಲ್ಲಿ ದಾನಮ್ಮ ನಿಂತಿದ್ದರು.

“ಯಾಕ್ರೀ ಸೇತುರಾಮ್ ಸರ್, ಬೆಲ್ ಒತ್ತಾಕ ಬಂದ್ರೇನು?”

“ಛೇ ಛೇ, ಪೇಪರ್ ಬಂದಿದ್ಯಾ ಅಂತ ಕೇಳೋಣ ಅಂತ...”

“ಪೇಪರ್ ಇರೂದು ಅವಂದು. ನಿಮಗೇನು?”

“ಒಂದೇ ಒಂದು ಸಲ ಕೂಗಿಬಿಡಿ, ದಾನಮ್ಮನವ್ರೇ. ಇಲ್ದಿದ್ರೆ ಮೂರು ಹುಡುಗ್ರೂ ಹೋಗ್ಬಿಡ್ತಾರೆ.”

“ಗೊತ್ತದರಿ” ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತಿದ್ದರು. “ಅದಕ್ಕ ಮಿಕ್ಸಿನೂ ಹಚ್ಚಿಲ್ಲ, ಸಪ್ಪಳಕ್ಕ ಎದ್ದಾನಂತ. ಇವತ್ತು ಚಟ್ನಿ ಇಲ್ಲ.”

“ದಿನಾ ಹಾಕ್ತೀರಲ್ಲ, ಇವತ್ತೂ ಹಾಕಿ! ಅದ್ರಲ್ಲೇನು ತಪ್ಪು?”

“ದಿನಾ ಚಟ್ನಿ ಸಲುವಾಗಿ ಹಚ್ತೀನಿ. ಇವತ್ತು ಹಚ್ಚಿದ್ರ ಅವನ ಸಲುವಾಗಿ ಹಚ್ಚಿದಂಗ. ನನ್ನ ಕೈ ನನಗ ಗೊತ್ತಿಲ್ಲೇನ್ರಿ?”

ಮನೆಗೆ ಬಂದು ಪಂಕಜಾಳಿಗೆ ಹೇಳಿದೆ. “ಆ ಹಟ ನಂಗಿದ್ದಿದ್ರೆ ನೀವು ಇನ್ನೂ ಮಲಗಿರ್ತಿದ್ರಿ” ಎಂದಳು.

ಗಿರಿರಾಜ್ ಕೊನೆಗೆ ಎದ್ದ, ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದ. ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚಿತ್ತು. ವಾಪಸು ಬಂದವನ ಮುಂದೆ ದಾನಮ್ಮ ಬಿಸಿ ರೊಟ್ಟಿ ಇಟ್ಟರು. ನಾನಾಗಿದ್ದರೆ ಊಟಕ್ಕಿಂತ ಉದ್ದದ ಉಪದೇಶ ಬಡಿಸುತ್ತಿದ್ದೆ.

ಮರುದಿನ ಚನ್ನವೀರಪ್ಪ ಬಂದರು, ಸಾಮಾನು ತುಂಬಲು ಖಾಲಿ ಬೀಜದ ಚೀಲಗಳ ಸಮೇತ. “ಒಂದು ಸಲ ಎಬ್ಬಿಸಿದ್ರ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕಾರ?” ಎಂಬ ದನಿಗೆ ಬೀದಿಯೇ ಎದ್ದಿತು.

ದಾನಮ್ಮ ತಲೆ ತಗ್ಗಿಸಿ ನಿಂತಿದ್ದರು. ಅವರ ಪರ ವಕಾಲತ್ತಿಗೆ ನಾನು ಮುಂದಾದೆ: “ನೋಡಿ ಸಾರ್, ಮನಶ್ಶಾಸ್ತ್ರದ ಪ್ರಕಾರ...”

“ರೀ, ನೀವು ಸುಮ್ನಿರಿ!” ಕಾಂಪೌಂಡಿನಾಚೆಯಿಂದ ಪಂಕಜಾ.

ಅಷ್ಟರಲ್ಲಿ ಗಿರಿರಾಜ್ ಮೆಟ್ಟಿಲಿಳಿದು ಬಂದ. “ಅಪ್ಪಾಜಿ, ಅವ್ರಿಗೆ ಯಾಕ ಬೈತೀರಿ? ನಾ ಏಳಲಿಲ್ಲ.”

ಅದುವರೆಗೆ ಆ ಹುಡುಗನ ಬಾಯಲ್ಲಿ ಇದ್ದದ್ದು ‘ಎಬ್ಬಿಸಲಿಲ್ಲ’ ಒಂದೇ. ‘ಏಳಲಿಲ್ಲ’ ಎಂಬುದು ಅದಕ್ಕಿಂತ ಚಿಕ್ಕ ಪದ. ನನ್ನ ವಯಸ್ಸಿನಲ್ಲೂ ನನಗೆ ಅದನ್ನು ಹೇಳಲು ಬಂದಿಲ್ಲ.

“ಹೋದ ಪೇಪರ್ ಮುಂದಿನ ಸಲ ಬರೀತೀನಿ. ಉಳಿದವಕ್ಕ ಇಲ್ಲಿಂದನ ಹೋಗ್ತೀನಿ. ಹಾಸ್ಟೆಲ್ ಗಂಟಿಗೆ ಏಳೂದು ಕಲಿತ್ರ, ನಾಳೆ ಕೋರ್ಟಿಗೆ ಹೋಗಾಕ ಯಾರು ಗಂಟಿ ಬಾರಸ್ತಾರ?”

ಚನ್ನವೀರಪ್ಪ ಚೀಲಗಳನ್ನೇ ಹಾಸಿಕೊಂಡು ಜಗುಲಿಯ ಮೇಲೆ ಕುಳಿತರು. ಮುಂದಿನ ಪೇಪರ್ ನೋಡಿಯೇ ತೀರ್ಮಾನ ಎಂದರು.

ಆ ಪೇಪರಿನ ಬೆಳಿಗ್ಗೆ, ಪಂಕಜಾ ಎಬ್ಬಿಸಿದ ನಾನು ಗೇಟಿನ ಬಳಿ ಬಂದರೆ, ಚನ್ನವೀರಪ್ಪ ಕತ್ತಲಿರುವಾಗಲೇ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಒಮ್ಮೆ ಕೆಮ್ಮಿದರು.

“ಕೆಮ್ಮಬ್ಯಾಡ್ರಿ” ದಾನಮ್ಮ ಪಿಸುಗುಟ್ಟಿದರು.

“ಖರೇನ ಕೆಮ್ಮು ಬಂತ್ರೀ!”

“ಹಂಗಾರ ಹೊರಗ ಹೋಗಿ ಕೆಮ್ರಿ.”

ಅವರು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಗೇಟಿನ ಬಳಿಗೆ ಬಂದು ನನ್ನ ಪಕ್ಕ ನಿಂತರು. ಬೆಳಕಾಗತೊಡಗಿತು. ಮೇಲೆ ಬಾಗಿಲ ಚಿಲಕ ಸರಿದ ಸದ್ದಾಯಿತು. ಗಿರಿರಾಜ್ ಇಳಿದು ಬಂದ. ಸ್ನಾನವಾಗಿತ್ತು, ಹಣೆಗೆ ವಿಭೂತಿ, ಕೈಯಲ್ಲಿ ಹಾಲ್ ಟಿಕೆಟ್. ದಾನಮ್ಮ ಕೊಟ್ಟ ಚಹಾ ಕುಡಿದ, ಅಪ್ಪನ ಕಾಲು ಮುಟ್ಟಿದ, ಹೊರಟ.

ಮಗ ತಿರುವಿನಲ್ಲಿ ಮರೆಯಾಗುವವರೆಗೂ ಚನ್ನವೀರಪ್ಪ ನೋಡುತ್ತಿದ್ದರು. ಆಮೇಲೆ ಚೀಲಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು.

“ಹುಡುಗ್ರು ಮೂವರೂ ಇಲ್ಲೇ ಇರ್ಲಿ ಅಕ್ಕಾರ” ಎಂದರು. ತುಸು ತಡೆದು, ಅಪ್ಪಣೆ ಬೇಡುವವರಂತೆ, “ಬಂದ ಮ್ಯಾಲ, ಹೆಂಗ ಬರದೀ ಅಂತಾದ್ರೂ ಕೇಳಬಹುದೇನ್ರಿ?”

ದಾನಮ್ಮ ಯೋಚಿಸಿದರು.

“ಅವ ಹೇಳಿದ್ರ ಕೇಳ್ರಿ.”