ಬೀರಪ್ಪಣ್ಣನ ಹಂಡೆಗೆ ಬಂದ ಜ್ವರ

ನಮ್ಮ ಬೀರಪ್ಪಣ್ಣ ಕೆಟ್ಟವನಲ್ಲ, ಸಂಶಯದವನು. ಒಡಹುಟ್ಟಿದ ತಂಗಿ ನಾನು, ಬಂಕಾಪುರದಲ್ಲಿ ಅವನ ಮನೆಯಿಂದ ಮೂರನೇ ಬಾಗಿಲು ನನ್ನದು. ಅವನ ಮನೆಯಲ್ಲಿ ಸಕ್ಕರೆ ಡಬ್ಬಿ ಜರುಗಿದರೂ ಮೊದಲು ನನ್ನ ಮುಖ ನೋಡುತ್ತಾನೆ, ಪುಣ್ಯಾತ್ಮ!

ಗೋವಾದ ಬಿಯರ್ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ದುಡಿದು ಬಂದವನು ಈಗ ಮೆಣಸಿನಕಾಯಿ ಹೊಲ ಮಾಡಿಕೊಂಡಿದ್ದಾನೆ. ಕೈ ಸುಮ್ಮನಿರಬೇಕಲ್ಲ! ಹಿಂದಿನ ಕೋಣೆಯಲ್ಲಿ ಸ್ಟೀಲ್ ಹಂಡೆ ಇಟ್ಟು, ಮೊಳಕೆ ಬರಿಸಿದ ಬಾರ್ಲಿಯ ರಸ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಏಲ್ ಅನ್ನುವ ಬಿಯರ್ ಮಾಡುತ್ತಾನೆ. ಹುದುಗುವಾಗ ಯೀಸ್ಟು ತಾನೇ ಕಾವು ಏರಿಸುತ್ತದಂತೆ. ಇಪ್ಪತ್ತು ಡಿಗ್ರಿ ದಾಟಿತೋ, ಕೊಳೆತ ಬಾಳೆಹಣ್ಣಿನ ವಾಸನೆ, ಮರುದಿನ ತಲೆನೋವು. ಅದಕ್ಕೇ ಹಂಡೆಗೆ ಹಸಿ ಗೋಣಿಚೀಲ ಸುತ್ತಿ ಎದುರಿಗೆ ಫ್ಯಾನ್ ಹಚ್ಚಿರುತ್ತಾನೆ.

ಮಧ್ಯಾಹ್ನ ಚೀಲಕ್ಕೆ ಮತ್ತೆ ನೀರು ಹಾಕಬೇಕು. ಆ ಹೊತ್ತಿಗೆ ಅಣ್ಣ ಹೊಲದಲ್ಲಿ. ಹೆಂಡತಿ ಯಂಕವ್ವನಿಗೆ ಹೇಳಬಹುದಿತ್ತು. “ಆಕೀಗೇನ್ ತಿಳೀತೈತಿ ಇದು?” ಎಂದು ಫ್ರಿಜ್ ರಿಪೇರಿಯ ಮುಜಾಫರನಿಗೆ ವಹಿಸಿದ. ಗೋವಾದಿಂದ ಬಂದ ಮೇಲೆ ಅಣ್ಣನಿಗೆ ಊರಲ್ಲಿ ಉಳಿದ ಗೆಳೆಯ ಅವನೊಬ್ಬನೇ. ಒಂದು ಹನಿ ಮುಟ್ಟದ ಮನುಷ್ಯ. ಆದರೂ ಹಂಡೆಗೆ ಥರ್ಮಾಮೀಟರ್ ಕೂಡಿಸಿಕೊಟ್ಟ, ದಿನಾ ಹನ್ನೆರಡಕ್ಕೆ ಹಿತ್ತಲ ಬಾಗಿಲಿಂದ ಬಂದು ನೀರು ಹಾಕಿ ಹೋಗುತ್ತಿದ್ದ.

ಮೊದಲ ಎರಡು ಹಂಡೆ ಬಿಯರ್ ಒಂದರ ಹಿಂದೊಂದು ಕೆಟ್ಟವು. ಬೆಳಿಗ್ಗೆ ಹತ್ತೊಂಬತ್ತು ಇದ್ದದ್ದು ಸಂಜೆಗೆ ಇಪ್ಪತ್ತೇಳು! ಅಣ್ಣ ಮುಚ್ಚಳಕ್ಕೆ ದಾರ ಕಟ್ಟಿ ನೋಡಿದ. ಹೊಸ್ತಿಲಿಗೆ ರಂಗೋಲಿ ಪುಡಿ ಉದುರಿಸಿ ಹೆಜ್ಜೆ ನೋಡಿದ. ನನ್ನ ಕಾಲನ್ನೂ ನೋಡಿದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿಕೊಂಡಂತೆ ನಾನೂ ನನ್ನ ಅಂಗಾಲು ತಿರುಗಿಸಿ ನೋಡಿಕೊಂಡೆ. ಪುಡಿಯಲ್ಲಿ ಮೂಡಿದ್ದು ಎರಡೇ ಜೋಡಿ, ಮುಜಾಫರನದು ಮತ್ತು ಯಂಕವ್ವನದು. ಮನೆಯ ಹೆಂಗಸಿನ ಹೆಜ್ಜೆಯನ್ನು ಯಾರು ನೋಡುತ್ತಾರೆ?

ಮೂರನೇ ಹಂಡೆಯೂ ಬಿಸಿಯಾದ ದಿನ ಚಹಾದಂಗಡಿಯಲ್ಲಿ, ಹತ್ತು ಮಂದಿಯ ಮುಂದೆ ಕೇಳಿಯೇಬಿಟ್ಟ.

“ಮುಜಾಫರಾ, ಖರೇ ಹೇಳು. ನೀರು ಹಾಕಾಕ ಬರ್ತೀಯೋ, ಕೆಡಸಾಕ ಬರ್ತೀಯೋ? ನೀ ಕುಡಿಯಂಗಿಲ್ಲ. ನಾನೂ ಕುಡೀಬಾರದು ಅಂತ ಮಾಡೀಯೇನು?”

ಮುಜಾಫರ ಅರ್ಧ ಚಹಾ ಬಿಟ್ಟು ಎದ್ದ. “ನಾಳಿಂದ ನೀನ ಹಾಕ್ಕೋ” ಅಂದ, ಅಷ್ಟೇ.

ಮರುದಿನ ಅಣ್ಣ ಹೊಲಕ್ಕೆ ಹೋಗಲಿಲ್ಲ. ಹನ್ನೆರಡಕ್ಕೆ ತಾನೇ ನೀರು ಹಾಕಿ ಜೋಳದ ಚೀಲಗಳ ಹಿಂದೆ ಅಡಗಿ ಕೂತ, ಸಾಕ್ಷಿಗೆ ನನ್ನನ್ನೂ ಕೂರಿಸಿಕೊಂಡ. ಏನು ಕರ್ಮವೋ ನನ್ನದು! ಒಂದು ಗಂಟೆಗೆ, ಅಂಗನವಾಡಿಯ ಅಡುಗೆ ಮುಗಿಸಿಕೊಂಡು ಯಂಕವ್ವ ಬಂದಳು. ಹಂಡೆ ಮುಟ್ಟಿ ನೋಡಿ “ಅಯ್ಯ, ಎಷ್ಟು ಥಂಡಿ” ಎಂದಳು. ಫ್ಯಾನ್ ಆರಿಸಿದಳು. ಹಸಿ ಚೀಲ ಬಿಚ್ಚಿದಳು. ನಮ್ಮಪ್ಪ ಕುರಿ ಕಾಯುವಾಗ ಹೊದೆಯುತ್ತಿದ್ದ ಕರಿ ಕಂಬಳಿ ತಂದು, ಹೆಪ್ಪು ಹಾಕಿದ ಗಡಿಗೆಗೆ ಸುತ್ತಿದ ಹಾಗೆ ಹಂಡೆಗೆ ಸುತ್ತಿದಳು.

ಅಣ್ಣ ಎದ್ದು ನಿಂತ. “ಏನ್ ಮಾಡಾಕತ್ತೀ?”

“ಥಂಡ್ಯಾಗ ಎಲ್ಲೆರ ಹುದುಗು ಬರ್ತೈತೇನ್ರಿ? ಮೊದಲಿಂದ್ಲೂ ಹಗಲೊತ್ತು ನಾನ ಬೆಚ್ಚಗ ಮಾಡ್ತೇನಿ. ಸಂಜೀಕ ನಿಮ್ಮ ಚೀಲ ಇದ್ದಂಗ ಸುತ್ತಿ ಫ್ಯಾನ್ ಹಚ್ಚಿಡ್ತೇನಿ. ಇಲ್ಲಾಂದ್ರ ಬೈತೀರಲ್ಲ.”

“ನನಗ್ಯಾಕ ಹೇಳ್ಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ನನಗೆ ನಗು ಬಂತು. ಅಣ್ಣನ ಮುಖ ನೋಡಿ ನುಂಗಿಕೊಂಡೆ.

ಸಂಜೆ ಅಣ್ಣ ಮುಜಾಫರನ ಅಂಗಡಿಗೆ ಹೋದ, ನಾನೂ ಹೋದೆ. “ತಪ್ಪಾತೋ. ನಾಳೆ ಹನ್ನೆರಡಕ್ಕ ಬಾ” ಅಂದ. ಮುಜಾಫರ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಯಂಕವ್ವಕ್ಕಗ ಥರ್ಮಾಮೀಟರ್ ನೋಡೋದು ಕಲಸು. ನಾ ಯಾಕ ಬೇಕು?”

ಅಣ್ಣ ಕಲಿಸಿದ. ನಾಲ್ಕನೇ ಹಂಡೆ ಯಂಕವ್ವನ ಕೈಯಲ್ಲಿ ಇಪ್ಪತ್ತು ದಾಟಲಿಲ್ಲ. ಛಲೋ ಬಂದೈತಿ ಅನ್ನುತ್ತಾನೆ. ಆದರೆ ಹನ್ನೆರಡಾಯಿತೆಂದರೆ ಹೊಲದಿಂದ ಬಂದು ಹಿತ್ತಲ ಬಾಗಿಲು ತೆಗೆದು ಕೂರುತ್ತಾನೆ. ಮುಜಾಫರ ಈಗಲೂ ದಾರಿಯಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಾನೆ. ಮನೆಗೆ ಮಾತ್ರ ಬರುವುದಿಲ್ಲ.