ನೀರು ಕೊಟ್ಟೇ ಕೊಡ್ತೀನಿ ಅಂದ ದಿನ

ನಾನಿನ್ನೂ ಲಂಗ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಚಿಕ್ಕ ಹುಡುಗಿಯಾಗಿದ್ದಾಗ, ನಮ್ಮ ಮನೆಗೆ ಕಂಬಳಿ ಕೇಳಿಕೊಂಡು ಬರುವವರು ಎರಡು ತರಹದವರಿದ್ದರು. ಕೊಳ್ಳುವವರು ಜಗಲಿಯ ಮೇಲೆ ಕೂತು, ಅಂಚು ಹಿಡಿದು ಎಳೆದು ನೋಡಿ, ಮಾತಾಡಿಕೊಂಡು ಹೋಗುತ್ತಿದ್ದರು. ಇನ್ನೊಂದು ತರಹದವರು ಓಡಿಕೊಂಡು ಬರುತ್ತಿದ್ದರು. "ನಮ್ ಹುಡುಗಂಗೆ ಜ್ವರ ಬಂದೈತೆ, ದಪ್ಪಂದೊಂದು ಕೊಡ್ರಿ" ಎಂದು ಕೈ ಚಾಚುತ್ತಿದ್ದರು. ಅಪ್ಪ ಯಾರಿಗೂ ಇಲ್ಲ ಅಂದವನಲ್ಲ. ಜ್ವರಕ್ಕೆಂದೇ ಒಂದು ಕರಿಯ ಕಂಬಳಿಯನ್ನು ಬೇರೆ ಮಡಿಚಿಟ್ಟಿದ್ದ. ಅದನ್ನು ಹೊದ್ದು ಬೆವರಿದರೆ ಜ್ವರ ಬಿಟ್ಟು ಓಡುತ್ತದೆ ಎಂದು ಇಡೀ ಊರು ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಅಪ್ಪ.

ನಮ್ಮದು ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆ ಕಡೆಯ ಸಣ್ಣ ಊರು. ಮನೆಯ ನಡುವೆ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹಾಕಿದ್ದರು. ಅಪ್ಪ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಉಣ್ಣೆ ನೂಲುತ್ತಿದ್ದಳು. ನೂಲಿಗೆ ಹಚ್ಚಲು ಹುಣಸೆ ಬೀಜದ ಗಂಜಿ ಕಾಯಿಸುತ್ತಿದ್ದರು. ಅದರ ಹುಳಿ ವಾಸನೆ ಮತ್ತು ಕುರಿಯ ವಾಸನೆ ಸೇರಿ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ತಲೆಗೂದಲಿಗೆ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಕಣ್ಣು ಮುಚ್ಚಿಕೊಂಡೇ ನನ್ನನ್ನು ಗುರುತು ಹಿಡಿಯುತ್ತಿದ್ದರು.

ಒಂದು ವಿಷಯ ನಿಮ್ಮಿಂದ ಮುಚ್ಚಿಡುವುದಿಲ್ಲ. ನಾನು ಹೇಳಲಿರುವ ದಿನಕ್ಕೆ ಒಂದು ವರ್ಷ ಮೊದಲು ನನ್ನ ತಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಎರಡು ದಿನ ಅವಳನ್ನು ಅದೇ ಕಂಬಳಿಯಲ್ಲಿ ಸುತ್ತಿ, ಕಿಟಕಿ ಬಾಗಿಲು ಹಾಕಿ ಮಲಗಿಸಿದ್ದರು. "ಯಕ್ಕಾ, ನೀರು" ಎಂದು ಅವಳು ನನ್ನ ಕಡೆ ನೋಡಿದಳು. ಜ್ವರದಲ್ಲಿ ನೀರು ಕುಡಿಸಿದರೆ ಸನ್ನಿಯಾಗುತ್ತದೆ, ತಲೆಗೇರಿ ಬಡಬಡಿಸುವಂತಾಗುತ್ತದೆ ಎಂದು ಅಜ್ಜಿ ಹೇಳಿದ್ದಳು. ನಾನು ಅಜ್ಜಿಯ ಮಾತು ಮೀರುವ ಹುಡುಗಿಯಾಗಿರಲಿಲ್ಲ. ಕೊಡಲಿಲ್ಲ. ಮೂರನೆಯ ದಿನ ಅವಳು ಕೇಳುವುದನ್ನೇ ನಿಲ್ಲಿಸಿದಳು. ನೀರು ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಕೇಳಿದಳು, ನಾನು ಕೊಡಲಿಲ್ಲ. ಅಷ್ಟು ಮಾತ್ರ ಗೊತ್ತು.

ಅದಾದ ಕೆಲವು ತಿಂಗಳಿಗೆ ನಮ್ಮ ಶಾಲೆಗೆ ಸೂಜಿ ಹಾಕಲು ಒಬ್ಬರು ನರ್ಸಮ್ಮ ಬಂದರು. ಬಿಳಿ ಸೀರೆ, ಕಾಲಿಗೆಲ್ಲ ಕೆಂಪು ಧೂಳು. ಸೂಜಿ ಮುಗಿದ ಮೇಲೆ ಬೋರ್ಡಿನ ಮೇಲೆ ಒಂದು ಮಗುವಿನ ಚಿತ್ರ ಬರೆದು ಹೇಳಿದರು: "ಜ್ವರ ಅಂದ್ರೆ ಮೈ ಒಳಗೆ ರೋಗದ ಜೊತೆ ಜಗಳ ನಡೀತಾ ಇದೆ ಅಂತ. ಜಗಳ ಆಡೋರಿಗೆ ಬಾಯಾರಿಕೆ ಆಗಲ್ವಾ? ನೀರು ಕೊಡಿ. ಗಂಜಿ ಕೊಡಿ, ಮಜ್ಜಿಗೆ ಕೊಡಿ. ಮೈ ಬಿಸಿ ಹೊರಗೆ ಹೋಗೋಕೆ ದಾರಿ ಬಿಡಿ. ನಡುಗಿದ್ರೆ ಒಂದು ತೆಳು ಬಟ್ಟೆ ಸಾಕು. ಉಚ್ಚೆ ಹೊಯ್ತಾ ಇದ್ದಾನಾ ನೋಡ್ತಾ ಇರಿ. ಅದು ನಿಂತ್ರೆ, ಮಗು ಮಂಕಾಗಿ ಕರೆದ್ರೂ ಕಣ್ಣು ಬಿಡದಿದ್ರೆ, ಮನೇಲಿ ಇಟ್ಕೋಬೇಡಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ." ಉಚ್ಚೆ ಅಂದದ್ದಕ್ಕೆ ಇಡೀ ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ನಾನು ತಂಗಿಯ ಒಣಗಿದ ತುಟಿಯನ್ನೇ ನೆನೆಯುತ್ತಾ ಕೂತಿದ್ದೆ.

ಆ ದಿನ ಶನಿವಾರ. ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಬಾಗಿಲು ಹಾಕಿತ್ತು. ತಳ್ಳಿ ಒಳಗೆ ಹೋದೆ. ಕತ್ತಲು, ಸೆಕೆ, ಉಣ್ಣೆಯ ವಾಸನೆ. ಮಗ್ಗದ ಸದ್ದು ಮಾತ್ರ ಟಕಟಕ ಎನ್ನುತ್ತಿತ್ತು. ಮೂಲೆಯಲ್ಲಿ ಆ ಕರಿಯ ಕಂಬಳಿ ಗಂಟಿನ ಹಾಗೆ ಬಿದ್ದಿತ್ತು. ಗಂಟಿನೊಳಗೆ ನಾಲ್ಕು ವರ್ಷದ ನನ್ನ ತಮ್ಮನ ಮುಖವಿತ್ತು. ಕೆನ್ನೆ ಕೆಂಡದ ಹಾಗೆ ಕೆಂಪು. ತುಟಿ ಬಿರಿದಿತ್ತು. ಹಿಂದಿನ ಸಂಜೆಯಿಂದ ಸಪ್ಪಗಿದ್ದ ಹುಡುಗ ಬೆಳಿಗ್ಗೆ ಏಳಲೇ ಇಲ್ಲ ಎಂದು ಅವ್ವ ಮೆಲ್ಲಗೆ ಹೇಳಿದಳು. ಅಜ್ಜಿ ತಲೆದೆಸೆಯಲ್ಲಿ ಕೂತು ಕಂಬಳಿಯ ಅಂಚನ್ನು ಒತ್ತಿ ಸಿಕ್ಕಿಸುತ್ತಿದ್ದಳು.

"ಯಕ್ಕಾ, ನೀರು" ಅಂದ ತಮ್ಮ.

ಅದೇ ಎರಡು ಮಾತು. ಅದೇ ದನಿ. ಚೀಲ ಬಿಸಾಡಿ, ಕಿಟಕಿ ತೆರೆದೆ, ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿದೆ.

"ಗಾಳಿ ಬಡೀತೈತೆ, ಹಾಕೇ ಬಾಗ್ಲು!" ಅಜ್ಜಿ ಕೂಗಿದಳು.

"ಹಾಕಲ್ಲ" ಅಂದೆ.

ನಾನು ಅಜ್ಜಿಗೆ ಅಂದ ಮೊದಲನೆಯ 'ಇಲ್ಲ' ಅದು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಕಂಬಳಿ ಹಿಡಿದು ಎಳೆದೆ. ಅಜ್ಜಿ ಆ ಕಡೆಯಿಂದ ಹಿಡಿದಳು. ಎಳೆದಾಟದಲ್ಲಿ ತಮ್ಮ ಹೊರಗೆ ಉರುಳಿದ. ಅವನನ್ನು ಎತ್ತಿಕೊಂಡು ಗಾಳಿ ಆಡುವ ಜಗಲಿಗೆ ಬಂದು ತೊಡೆಯ ಮೇಲೆ ಮಲಗಿಸಿಕೊಂಡೆ. ಅವನ ಬೆನ್ನು ಒಲೆಯ ಮೇಲಿಂದ ಇಳಿಸಿದ ಹೆಂಚಿನ ಹಾಗೆ ನನ್ನ ತೊಡೆಯನ್ನು ಸುಡುತ್ತಿತ್ತು.

"ನೋಡೋ, ನಿನ್ ಮಗಳು ಹುಡುಗನ್ನ ಕೊಂದ್ಹಾಕ್ತಾಳೆ! ಹಾಲುರಾಮೇಶ್ವರದ ದ್ಯಾವ್ರಿಗೆ ಹರಕೆ ಹೊತ್ತೀನಿ, ಸುಮ್ಕಿರು ಅಂದ್ರೆ ಕೇಳಲ್ಲ!" ಅಜ್ಜಿ ಮಗ್ಗದ ಕಡೆ ತಿರುಗಿ ಅತ್ತಳು.

ಮಗ್ಗ ನಿಂತಿತು. ಅಪ್ಪ ಗುಂಡಿಯಿಂದ ಎದ್ದು ಬಂದ. ಕೈ ತುಂಬ ಗಂಜಿ ಅಂಟಿತ್ತು. "ಏನೇ ಇದು? ಒಳಗೆ ಮಲಗಿಸು."

"ಮಲಗಿಸಲ್ಲ ಅಪ್ಪ. ನೀರು ಕೊಡ್ತೀನಿ."

"ಕೊಡಬ್ಯಾಡ ಅಂದೀವಲ್ಲ?"

"ಕೊಟ್ಟೇ ಕೊಡ್ತೀನಿ. ನರ್ಸಮ್ಮ ಹೇಳ್ಯಾರೆ."

"ಆಯಮ್ಮಂಗೇನು ಗೊತ್ತೈತೆ? ನಮ್ ಕಂಬ್ಳಿ ಎಷ್ಟ್ ಮಂದಿ ಜ್ವರ ಬಿಡಿಸೈತೆ, ಎಣಿಸೀಯೇನೇ ನೀನು?"

"ತಂಗೀದು ಬಿಡಿಸ್ತಾ?"

ಆ ಮಾತು ಬಾಯಿಂದ ಬಂದೇ ಹೋಯಿತು. ಮನೆಯಲ್ಲಿ ಒಂದು ವರ್ಷದಿಂದ ಯಾರೂ ಅವಳ ಸುದ್ದಿ ಎತ್ತಿರಲಿಲ್ಲ. ಅಪ್ಪನ ಕೈ ಮೇಲೆದ್ದಿತು. ಹೊಡೆದರೆ ಹೊಡೆಯಲಿ, ತಮ್ಮನನ್ನು ಮಾತ್ರ ಬಿಡುವುದಿಲ್ಲ ಎಂದು ಅವನ ಮೇಲೆ ಬಾಗಿ ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಯಿತು.

ಆಗ ಅವ್ವ ಒಳಗಿನಿಂದ ಬಂದಳು. ಅತ್ತೆಯ ಎದುರಿಗೆ ತಲೆ ಎತ್ತಿದವಳಲ್ಲ ನಮ್ಮವ್ವ. ಕೈಯಲ್ಲಿ ನೀರು ತುಂಬಿದ ಚೆಂಬು ಹಿಡಿದಿದ್ದಳು. ಯಾರ ಮುಖವನ್ನೂ ನೋಡದೆ ಅದನ್ನು ನನ್ನ ಪಕ್ಕ ಇಟ್ಟಳು. ಇಟ್ಟು ಒಳಗೆ ಹೋಗಲಿಲ್ಲ. ನನ್ನ ಮತ್ತು ಅಜ್ಜಿಯ ನಡುವೆ ನಿಂತುಕೊಂಡಳು.

ಮೊದಲೇ ಕಾಯಿಸಿ ಆರಿಸಿಟ್ಟಿದ್ದ ನೀರು ಅದು. ಚಮಚದಲ್ಲಿ ಕುಡಿಸಲು ಹೋದರೆ ತಮ್ಮ ಚೆಂಬನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದೇ ಸಲಕ್ಕೆ ಕುಡಿದರೆ ಕಾರಿಕೊಳ್ಳುತ್ತಾನೆಂದು ಕಸಿದುಕೊಂಡು, ಸ್ವಲ್ಪ ಸ್ವಲ್ಪವೇ ಕೊಟ್ಟೆ. ಅವ್ವ ಉಪ್ಪು ಹಾಕಿ ನೀರುನೀರಾಗಿ ಗಂಜಿ ಮಾಡಿ ತಂದಳು. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕುತ್ತಿಗೆ, ಕಂಕುಳು, ಕಾಲು ಒರೆಸಿದೆವು. ನಡುವೆ ಒಮ್ಮೆ ನಡುಗಿದ. ಅವ್ವನ ಹಳೆಯ ಸೀರೆಯ ತುಂಡು ಹೊದಿಸಿದೆ, ನಡುಕ ನಿಂತ ಮೇಲೆ ತೆಗೆದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತೇ ಇದ್ದಳು. ಮಗ್ಗದ ಸದ್ದು ಮತ್ತೆ ಕೇಳಲಿಲ್ಲ. ಅಪ್ಪ ಗುಂಡಿಯಲ್ಲಿ ಕೂತಿದ್ದ, ಕೈಯಲ್ಲಿ ಲಾಳಿಯಿತ್ತು, ನೇಯುತ್ತಿರಲಿಲ್ಲ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಮೈ ಸುಡುವುದು ಸ್ವಲ್ಪ ಕಡಿಮೆಯಾಯಿತು. ಆದರೆ ತಮ್ಮ ಮಂಕಾಗುತ್ತಾ ಬಂದ. ಹೆಸರು ಹಿಡಿದು ಕರೆದರೆ ಅರೆಗಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ.

"ಅವ್ವಾ, ಇವ್ನು ಉಚ್ಚೆ ಹೊಯ್ದಿದ್ದು ಯಾವಾಗ?"

ಅವ್ವ ಯೋಚಿಸಿದಳು. ಅವಳ ಮುಖ ಸಣ್ಣದಾಯಿತು. "ನೆನ್ನೆ ರಾತ್ರಿ ಮಲಗೋ ಮುಂಚೆ ಕಣೇ."

ನಾನು ಮಗ್ಗದ ಹತ್ತಿರ ಹೋದೆ. "ಅಪ್ಪಾ, ಹೊಸದುರ್ಗದ ಆಸ್ಪತ್ರೆಗೆ ಹೋಗಾಣ."

"ಈಗೇನು ಜ್ವರ ಇಳೀತಾ ಐತಲ್ಲ. ನಾಳೆ ನೋಡಾಣ."

"ನಾಳೆ ಬ್ಯಾಡ. ತಂಗಿಗೂ ನಾಳೆ ಅಂದಿದ್ರಿ."

ನಾನು ಕಾಯಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು ನಡೆದೇಬಿಟ್ಟೆ. ಸಂಜೆಯ ಬಸ್ಸು ರಸ್ತೆಗೆ ಬರುತ್ತಿತ್ತು, ಮನೆಯಿಂದ ರಸ್ತೆಗೆ ಒಂದು ಮೈಲಿ. ನಾಲ್ಕು ವರ್ಷದ ಹುಡುಗ ಹತ್ತು ವರ್ಷದವಳಿಗೆ ಎಷ್ಟು ಭಾರ ಗೊತ್ತಾ? ಕೈ ಜಾರುತ್ತಿತ್ತು, ನಿಂತು ಮತ್ತೆ ಏರಿಸಿಕೊಳ್ಳುತ್ತಿದ್ದೆ. ಕಾದ ನೆಲ ಅಂಗಾಲನ್ನು ಚುರುಕು ಮುಟ್ಟಿಸುತ್ತಿತ್ತು. ಬಾವಿಯ ಹತ್ತಿರದ ಹೆಂಗಸರು "ಎಲ್ಲಿಗೇ ಒಬ್ಬಳೇ?" ಎಂದು ಕೇಳಿದರು. "ಆಸ್ಪತ್ರೆಗೆ" ಎಂದು ಕೂಗಿ ಹೇಳಿದೆ. ಊರಿಗೆಲ್ಲ ಕೇಳಲಿ ಎಂದೇ ಕೂಗಿದೆ.

ಹಿಂದಿನಿಂದ ಓಡಿ ಬರುವ ಹೆಜ್ಜೆ ಕೇಳಿಸಿತು. ಅಪ್ಪ. ಎಳೆದುಕೊಂಡು ಹೋಗಲು ಬಂದ ಎಂದುಕೊಂಡು ತಮ್ಮನನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ.

"ಇಲ್ಲಿ ಕೊಡು."

"ಕೊಡಲ್ಲ!"

"ಬಸ್ಸು ಹೋಗ್ತೈತೆ ಕಣೇ. ನಿನ್ ನಡಿಗೆಗೆ ಸಿಗಲ್ಲ ಅದು. ಇಲ್ಲಿ ಕೊಡು."

ಅಪ್ಪ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಓಡಿದ. ನಾನು ಹಿಂದೆ ಹಿಂದೆ ಓಡಿದೆ. ಕೈ ಬೀಸಿ, ಕೂಗಿ, ಹೊರಟಿದ್ದ ಬಸ್ಸನ್ನು ನಿಲ್ಲಿಸಿದೆವು. ಯಾರೋ ಎದ್ದು ಜಾಗ ಕೊಟ್ಟರು. ಅಪ್ಪನ ಕೈಯಲ್ಲಿ ಅವ್ವ ಕೊಟ್ಟು ಕಳಿಸಿದ್ದ ಬಾಟಲಿಯ ನೀರನ್ನು ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಅವನಿಗೆ ಕುಡಿಸಿದೆ. ಅರ್ಧ ದಾರಿಯಲ್ಲಿ ಅಪ್ಪ ಒಮ್ಮೆಲೇ ಕೂತಲ್ಲಿಂದ ಜಿಗಿದ. ಅವನ ಅಂಗಿಯ ಮುಂಭಾಗ, ಪಂಚೆ ಎಲ್ಲಾ ಒದ್ದೆ.

"ಹೊಯ್ದ ಕಣೇ! ಹೊಯ್ದ!" ಎಂದು ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ಜನ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ನಾವು ನಡುವೆ ಇಳಿದು ಹಿಂದಕ್ಕೆ ಬರಲಿಲ್ಲ. ಆಸ್ಪತ್ರೆಗೇ ಹೋದೆವು.

ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಮೈಯಲ್ಲಿ ನೀರು ಕಡಿಮೆಯಾಗಿದೆ, ಎರಡು ದಿನ ಇಲ್ಲೇ ಇರಲಿ ಅಂದರು. "ಕುಡಿಸಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಕಷ್ಟ ಇತ್ತು. ಯಾರು ಕುಡಿಸಿದ್ದು?"

ಅಪ್ಪ ಸುಮ್ಮನಿರಬಹುದಿತ್ತು. 'ನಾವೇ' ಅನ್ನಬಹುದಿತ್ತು. ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಒಣಗಿದ ಗಂಜಿ ಇನ್ನೂ ಬೆರಳಿಗೆ ಅಂಟಿತ್ತು. "ಇವಳು ಸಾರ್" ಅಂದ. ಆಮೇಲೆ, "ನಾವು ಬ್ಯಾಡ ಅಂದಿದ್ವಿ" ಅಂದ.

ಅಜ್ಜಿ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಹುಡುಗ ಉಳಿದದ್ದು ಹರಕೆಯಿಂದ ಎಂದೇ ಕೊನೆಯವರೆಗೂ ಹೇಳಿದಳು. ನಾನು ವಾದ ಮಾಡಲಿಲ್ಲ. ಅವಳ ಕೈ ಹಿಡಿದುಕೊಂಡು ಹಾಲುರಾಮೇಶ್ವರಕ್ಕೆ ಹೋಗಿ ಹರಕೆ ತೀರಿಸಿ ಬಂದೆ. ಅವಳು ಕೆಟ್ಟವಳಾಗಿರಲಿಲ್ಲ. ಅವಳಿಗೆ ಅವಳ ಅಜ್ಜಿ ಹೇಳಿದ್ದನ್ನು ನಮಗೆ ಹೇಳಿದಳು, ಅಷ್ಟೇ. ಆದರೆ ಆ ಬೇಸಿಗೆಯ ನಂತರ ನಮ್ಮ ಮನೆಯಲ್ಲಿ ಜ್ವರ ಬಂದವರು ಯಾರೂ ನೀರಿಗಾಗಿ ಬೇಡಲಿಲ್ಲ. ಬೇಡಲು ನಾನು ಬಿಡಲಿಲ್ಲ.

ಈಗ ನೀವಿರುವ ಲೋಕವೇ ಬೇರೆ. ನಾವು ಹಣೆಯ ಮೇಲೆ ಅಂಗೈ ಇಟ್ಟು ಜ್ವರ ಎಷ್ಟು ಎಂದು ಊಹಿಸುತ್ತಿದ್ದೆವು. ನಿಮ್ಮ ಮನೆಯಲ್ಲಿ ಕಂಕುಳಿಗೆ ಕಡ್ಡಿ ಇಟ್ಟರೆ ಅದು ಪೀಂ ಪೀಂ ಎಂದು ಅಂಕಿ ತೋರಿಸುತ್ತದೆ. ಆಸ್ಪತ್ರೆ ಮೂರು ಬೀದಿ ಆಚೆಗಿದೆ. ಔಷಧಿಗೆ ಅಳತೆಯ ಮುಚ್ಚಳವಿದೆ, ಮಗುವಿನ ತೂಕ ನೋಡಿ ಎಷ್ಟು ಕೊಡಬೇಕೆಂದು ಬರೆದುಕೊಡುವ ಡಾಕ್ಟರಿದ್ದಾರೆ.

ಹೋದ ತಿಂಗಳು ಮೊಮ್ಮಗನಿಗೆ ಜ್ವರ ಬಂತು. ಅವನ ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅವನು, ಮತ್ತು ಶಾಲೆಗೆ ರಜೆ ಇದ್ದ ಅವನ ಅಕ್ಕ. ಮಧ್ಯಾಹ್ನ ಮೈ ಮತ್ತೆ ಬಿಸಿಯಾಗಿದ್ದು ನೋಡಿ ನನಗೆ ಗಾಬರಿಯಾಯಿತು. ಔಷಧಿಯ ಬಾಟಲಿಯ ಮುಚ್ಚಳ ತಿರುಗಿಸಿದೆ. ಮೊಮ್ಮಗಳು ಓಡಿ ಬಂದು ಬಾಟಲಿಯ ಮೇಲೆ ಕೈ ಅಡ್ಡ ಇಟ್ಟಳು.

"ಕೊಡಬ್ಯಾಡ ಅಜ್ಜಿ. ಆರು ಗಂಟೆ ಬಿಟ್ಟು ಅಂತ ಬರೆದೈತೆ. ಅಮ್ಮ ಕೊಟ್ಟು ಇನ್ನೂ ಮೂರೂವರೆ ಗಂಟೆ ಆಗೈತೆ ಅಷ್ಟೆ."

"ಲೇ, ನಿನಗಿಂತ ಎಷ್ಟು ಹೆಚ್ಚು ಜ್ವರ ನೋಡೀನಿ ಗೊತ್ತಾ ನಾನು?" ಎಂದು ಕಣ್ಣು ಬಿಟ್ಟು ಗದರಿದೆ. ನಿಜವಾಗಿಯೂ ಸಿಟ್ಟು ಬಂದಿತ್ತು.

"ನೋಡಿದ್ರೂ ಬ್ಯಾಡ" ಅಂದಳು. ಕೈ ತೆಗೆಯಲಿಲ್ಲ.

ನಾನು ಕನ್ನಡಕ ಹಾಕಿಕೊಂಡು ಚೀಟಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಬಾಟಲಿ ಕೆಳಗಿಟ್ಟೆ. "ಸರಿ. ಅಲ್ಲೀವರೆಗೂ ಏನು ಮಾಡಾಣ, ನೀನೇ ಹೇಳು" ಎಂದೆ.

ಅವಳು ತಮ್ಮನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, "ನೀನು ಇಲ್ಲಿ ಕುಂತ್ಕ, ನಾನು ನೀರು ತರ್ತೀನಿ" ಅಂದಳು.

ನಾನು ಕೂತೆ.