ವಿಶ್ವವಿದ್ಯಾಲಯದ ಮನಿ ನೋಡಿದ ಚಾಚಾ

ಚಾಚಾ ಅವರ ಬಲಗೈ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು ಬಣ್ಣ. ಆಯುಷ್ಯಪೂರ್ತಿ ಮೆಣಸಿನಕಾಯಿ ಚೀಲದೊಳಗೆ ಇಳಿದ ಕೈ ಅದು. ಉಗುರಿನ ಬುಡದ ಕೆಂಪು ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ರಮಜಾನ್ ಹಬ್ಬದ ದಿನ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬಂದರೂ ಉಗುರುಗಳು ಮಾತ್ರ ಮಾರ್ಕೆಟ್ಟಿನಲ್ಲೇ ಉಳಿದಂತೆ ಕಾಣುತ್ತಿದ್ದವು. ಆ ಕೈಯನ್ನು ಅವರು ಕಣ್ಣಿನ ಹತ್ತಿರ ಒಯ್ದದ್ದನ್ನು ನಾನು ಎಂದೂ ನೋಡಿಲ್ಲ. ಕನ್ನಡಕ ಏರಿಸುವುದು, ಮೀಸೆ ತುರಿಸುವುದು, ಓಣಿಯ ಮಕ್ಕಳ ಗಲ್ಲ ಹಿಂಡುವುದು, ಎಲ್ಲವೂ ಎಡಗೈಯ ಇಲಾಖೆ.

ಬ್ಯಾಡಗಿಯಲ್ಲಿ ನಮ್ಮ ಮನೆಯ ಗೋಡೆಗೆ ಅವರ ಮನೆಯ ಗೋಡೆ. ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನದು ಹಾವೇರಿಯ ನೋಂದಣಿ ಕಚೇರಿಯ ಎದುರು ಕುಳಿತು ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆಯುವ ಉದ್ಯೋಗ. ಹೀಗಾಗಿ ಅವರು ನನ್ನನ್ನು ‘ರೈಟ್ರ’ ಎನ್ನುತ್ತಿದ್ದರು. ಊರಿನಲ್ಲಿ ಅವರಿಗೆ ಅಂಗಡಿಗಿಂತ ದೊಡ್ಡದಾದ ಇನ್ನೊಂದು ಪದವಿ ಇತ್ತು. ಯಾವ ಜಾತಿಯ, ಯಾವ ಮತದ ಮನೆಯೇ ಆಗಲಿ, ಮಗಳನ್ನು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರಲು ಚಾಚಾ ಅವರನ್ನು ಕರೆದೊಯ್ಯುತ್ತಿದ್ದರು. ಸುತ್ತಿನ ಹಳ್ಳಿಗಳ ಒಕ್ಕಲುಮನೆತನಗಳೆಲ್ಲ ಅವರ ಅಂಗಡಿಗೆ ಮಾಲು ತರುವವು, ಇವರಿಗೆ ಎಲ್ಲರ ಗುರುತು. ಮೇಲಾಗಿ ಎರಡೂ ಕಡೆಗೆ ಅವರು ನೆಂಟರಲ್ಲ, ಸುಳ್ಳು ಹೇಳಿ ಗಳಿಸಬೇಕಾದ್ದು ಏನೂ ಇರಲಿಲ್ಲ.

ಮನೆ ನೋಡುವ ಅವರ ಪದ್ಧತಿಗೆ ನಿಯಮಾವಳಿ ಇತ್ತು. ಪಡಸಾಲೆಯಲ್ಲಿ ಬಹಳ ಹೊತ್ತು ಕೂಡಬಾರದು. “ಪಡಸಾಲಿ ಎಲ್ಲಾರದೂ ಛಲೋನ ಇರತೈತಿ ರೈಟ್ರ.” ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಬೇಕು. ಅಲ್ಲಿ ಆ ಮನೆಯ ಕಿರಿಸೊಸೆ ಸಿಕ್ಕರೆ, ಹಿರಿಯರು ಯಾರೂ ಹತ್ತಿರ ಇಲ್ಲದಾಗ, ಏನಾದರೂ ಕೇಳಬೇಕು. ಏನು ಕೇಳಿದೆವೆಂಬುದು ಮುಖ್ಯವಲ್ಲ, ಆಕೆ ಹೇಗೆ ಉತ್ತರ ಕೊಟ್ಟಳು ಎಂಬುದು ಮುಖ್ಯ. ಮಾತು ಮುಗಿಯುವತನಕ ಆ ಮನೆಯ ಅನ್ನ ಉಣ್ಣಬಾರದು, ಸಿಹಿ ಮುಟ್ಟಬಾರದು, ಮುಟ್ಟಿದರೆ ಮಾತು ಕೊಟ್ಟಂತೆ. ಚಹಾ ನಡೆಯುತ್ತದೆ. ಚಹಾದಲ್ಲಿ ಸಕ್ಕರೆ ಇರುತ್ತದಲ್ಲ ಎಂದು ನಾನೊಮ್ಮೆ ಕಾನೂನಿನ ತೊಡಕು ಎತ್ತಿದ್ದೆ. “ಚಹಾದಾಗಿನ ಸಕ್ಕರಿ ಸಕ್ಕರಿ ಅಲ್ಲ” ಎಂದು ತೀರ್ಪು ಬಂತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ತಮ್ಮ ಸ್ವಂತ ಮಗಳ ವಿಷಯದಲ್ಲಿ ಮಾತ್ರ ಅವರು ಹಿತ್ತಲಿಗೆ ಹೋಗಿರಲಿಲ್ಲ. ರಾಣೇಬೆನ್ನೂರಿನ ದೊಡ್ಡ ಮನೆ, ಬೀಗರ ಎದುರು ಸಂಕೋಚ, ಪಡಸಾಲೆಯಲ್ಲೇ ಮಾತು ಮುಗಿಯಿತಂತೆ. ಮಗಳು ವರ್ಷದೊಳಗೆ ತಿರುಗಿ ಬಂದಳು. ಆಗ ದಲಾಲಿ ಅಂಗಡಿಯ ಹಣದ ಗಲ್ಲೆಯ ಮುಂದೆ ಕೂತವಳು ಇಂದಿಗೂ ಅಲ್ಲೇ ಇದ್ದಾಳೆ. ಇದನ್ನು ನನ್ನ ಹೆಂಡತಿಗೆ ಹೇಳಿದವರು ಅವರ ಹೆಂಡತಿ. ಚಾಚಾ ಆ ಬಗ್ಗೆ ಒಂದಕ್ಷರ ಆಡಿದವರಲ್ಲ. ಹಿತ್ತಲಿನ ನಿಯಮ ಬಿಗಿಯಾದದ್ದು ಆಮೇಲೆಯೇ ಎಂದು ನನ್ನ ಊಹೆ.

ನನ್ನ ಮಗಳು ಬಿ.ಎಸ್ಸಿ. ಮುಗಿಸಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದಾಗ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು. ಎರಡೂ ಸರ್ಕಾರದವೇ. ಹೆಸರು ಬೇಡ, ಹತ್ತಿರದ್ದು, ದೂರದ್ದು ಎಂದರೆ ಸಾಕು. ಹತ್ತಿರದ್ದರಲ್ಲಿ ಸಿಕ್ಕದ್ದು ಹೆಚ್ಚಿನ ಫೀಯ ಸೀಟು, ಅದಕ್ಕೆ ವಿದ್ಯಾರ್ಥಿವೇತನ ಇಲ್ಲ. ಆದರೆ ಹಾಸ್ಟೆಲ್ ಖಚಿತ, ರಾಣೇಬೆನ್ನೂರಿನಲ್ಲಿ ಒಮ್ಮೆ ಬಸ್ಸು ಬದಲಿಸಿದರೆ ಆಯಿತು, ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ದೂರದ್ದರಲ್ಲಿ ಫೀ ಕಡಿಮೆ, ವಿದ್ಯಾರ್ಥಿವೇತನವೂ ಉಂಟು. ಆದರೆ ಹಾಸ್ಟೆಲ್ ಸಿಗುತ್ತದೋ ಇಲ್ಲವೋ, ವೇತನ ಯಾವಾಗ ಕೈಗೆ ಬರುತ್ತದೋ ಯಾರೂ ಖಾತ್ರಿ ಕೊಡುತ್ತಿರಲಿಲ್ಲ. ಮಗಳ ಮನಸ್ಸು ದೂರದ್ದರ ಮೇಲೆ, ಅವಳು ಓದಬೇಕಾದ ವಿಷಯಕ್ಕೆ ಅಲ್ಲಿ ಒಳ್ಳೆಯ ಅಧ್ಯಾಪಕರಿದ್ದರು. ನನ್ನ ಮನಸ್ಸು ಹತ್ತಿರದ್ದರ ಮೇಲೆ. ಖರ್ಚು ಹೆಚ್ಚಾದರೂ ಎಷ್ಟೆಂದು ಗೊತ್ತಿತ್ತು. ವರ್ಷದ ನಡುವೆ ರೊಕ್ಕ ನಿಂತು ಹುಡುಗಿ ಅರ್ಧಕ್ಕೆ ಮನೆಗೆ ಬಂದರೆ ಅತ್ತ ಪದವಿಯೂ ಇಲ್ಲ, ಇತ್ತ ಕೂಡಿಟ್ಟದ್ದೂ ಇಲ್ಲ. ಸೀಟು ಕೈತಪ್ಪದಿರಲಿ ಎಂದು ಹತ್ತಿರದ್ದಕ್ಕೆ ಮೊದಲ ಕಂತು ಕಟ್ಟಿಯೂ ಬಿಟ್ಟೆ. ಮನೆಯಲ್ಲಿದ್ದ ಗಂಟು ಅಷ್ಟೇ.

ಸುದ್ದಿ ಗೋಡೆ ದಾಟಲು ತಡವಾಗಲಿಲ್ಲ.

“ಅಲ್ರಿ ರೈಟ್ರ, ಮನಿ ನೋಡಲಾರದನ ಹುಡುಗಿನ್ನ ಗೊತ್ತ ಮಾಡಿ ಬಂದ್ರಿ?”

“ಮನಿ ಅಲ್ಲ ಚಾಚಾ, ಯುನಿವರ್ಸಿಟಿ.”

“ಹುಡುಗಿ ಎರಡ ವರ್ಷ ಎಲ್ಲಿ ಉಣ್ಣಾಕಿ? ಎಲ್ಲಿ ಮಲಗಾಕಿ? ಮನಿ ಅಲ್ದ ಅದೇನ ಬಸ್ ಸ್ಟ್ಯಾಂಡ?”

ಮರುದಿನವೇ ಹತ್ತಿರದ್ದಕ್ಕೆ ಹೊರಟೆವು. ವಧುವನ್ನು ಕರೆದೊಯ್ಯುವ ಪದ್ಧತಿ ಇಲ್ಲವೆಂದು ಮಗಳನ್ನು ಮನೆಯಲ್ಲೇ ಬಿಟ್ಟೆವು. ಕಚೇರಿಯವರು ಮರ್ಯಾದೆಯಿಂದ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಹಾಸ್ಟೆಲ್ಲಿನ ಅಂಗಳ ಕನ್ನಡಿಯಂತಿತ್ತು. ಚಾಚಾ ಕೈ ತೊಳೆಯಬೇಕೆಂದು ನಲ್ಲಿಯ ಕಡೆ ಹೋದರು. ಬಟ್ಟೆ ಒಣಹಾಕುತ್ತಿದ್ದ ಇಬ್ಬರು ಹುಡುಗಿಯರನ್ನು ಮಾತಾಡಿಸಿದರು. ಊಟ ಹೇಗೆ? ಛಲೋ ಐತ್ರಿ. ನೀರು? ಛಲೋ ಐತ್ರಿ. ರೊಕ್ಕದ ಅಡಚಣೆ ಬಂದ್ರ? ಎಲ್ಲಾ ಛಲೋ ಐತ್ರಿ. ಪ್ರತಿ ಉತ್ತರಕ್ಕೂ ಮುಂಚೆ ಹುಡುಗಿಯರ ಕಣ್ಣು ಬಾಗಿಲಲ್ಲಿ ನಿಂತ ಮೇಲ್ವಿಚಾರಕಿಯ ಕಡೆಗೆ ಹೋಗಿ ಬರುತ್ತಿತ್ತು.

ರಾಣೇಬೆನ್ನೂರಿನಲ್ಲಿ ಇಳಿದು ಬ್ಯಾಡಗಿಯ ಬಸ್ಸು ಹತ್ತಿದೆವು. ಆಮೇಲೆ ಚಾಚಾ ಅಂದರು: “ಬರೇ ಛಲೋ ಐತಿ ಅನ್ನೋ ಮನಿ ನನಗ ಸೇರೂದಿಲ್ಲ ರೈಟ್ರ. ಉಪ್ಪಾದ್ರೂ ಒಂದಿನಾ ಹೆಚ್ಚಾಗಿರಬೇಕಲ್ಲ?”

ದೂರದ್ದಕ್ಕೆ ಹೊರಡುವಾಗ ಮಗಳು ಬಾಗಿಲಲ್ಲಿ ಅಡ್ಡ ನಿಂತಳು. “ಚಾಚಾ, ಮದಿವಿಗಾದ್ರ ಹುಡುಗನ್ನ ತೋರಸ್ತೀರಿ. ಇದಕ್ಕ ನನಗ ಏನೂ ತೋರಸಂಗಿಲ್ಲ?”

ಚಾಚಾ ಎಡಗೈಯಿಂದ ಕನ್ನಡಕ ಏರಿಸಿದರು. “ಖರೇ ಐತಿ. ಬಾ ಬೇಟಿ. ಆದ್ರ ಅಲ್ಲಿ ಏನೂ ತಿನ್ನಬ್ಯಾಡ.”

ಬ್ಯಾಡಗಿ ಸ್ಟೇಶನ್ನಿನಲ್ಲಿ ರೈಲು ಹತ್ತಿದೆವು. ದೂರದ್ದರ ಕಚೇರಿಯಲ್ಲಿ ನಮ್ಮನ್ನು ಯಾರೂ ಕೂಡ್ರಿಸಲಿಲ್ಲ. ಒಂದು ಕಿಟಕಿಯವರು ಇನ್ನೊಂದು ಕಿಟಕಿಗೆ ಕಳಿಸಿದರು, ಆ ಕಿಟಕಿಯವರು ಊಟಕ್ಕೆ ಹೋಗಿದ್ದರು. ಪಡಸಾಲೆಯ ಪರೀಕ್ಷೆಯಲ್ಲಿ ಸಂಸ್ಥೆ ಸಂಪೂರ್ಣ ನಪಾಸು ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ. ಮಗಳು ತನ್ನ ವಿಭಾಗ ನೋಡಲು ಹೋದಳು. ನಾವಿಬ್ಬರೂ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿಗೆ ಹೋದರೆ ಕಾವಲಿನ ಹೆಂಗಸು ಕೋಲು ಅಡ್ಡ ಹಿಡಿದಳು.

“ಗಂಡಸ್ರ ಇಲ್ಲಿ ನಿಂದ್ರಂಗಿಲ್ರಿ. ಏನ ಬೇಕು?”

“ಹುಡುಗಿ ಕೊಡಾಕ ಬಂದೇವವ್ವಾ. ಮನಿ ನೋಡಬೇಕು.”

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಒಳಗಿನ ಹುಡುಗಿಯರನ್ನೇ ಕೂಗಿ ಕರೆದಳು. “ಬರ್ರೇ ಇಲ್ಲೆ, ಬೀಗರು ಬಂದಾರ!”

ಹುಡುಗಿಯರು ಬಂದರು. ಗೇಟಿನ ಆಚೆ ಅವರು, ಈಚೆ ನಾವು. ಚಾಚಾ ಕೇಳುವುದೇ ತಡ, ದೂರಿನ ಮಳೆ ಸುರಿಯಿತು. ಸಾರು ನೀರಿನಂತೆ, ಮೇಲಿನ ಮಹಡಿಗೆ ನೀರು ಹತ್ತುವುದಿಲ್ಲ, ಮಂಗಗಳು ಬಟ್ಟೆ ಒಯ್ಯುತ್ತವೆ. ವಿದ್ಯಾರ್ಥಿವೇತನ? “ಬರತೈತ್ರಿ ಅಜ್ಜಾರ, ಖರೇ ಬರತೈತಿ. ಆದ್ರ ಮೊದಲನೇ ವರ್ಷ ಮುಗಿಯೂ ಹೊತ್ತಿಗೆ.” ಅಲ್ಲಿಯತನಕ? ಅರ್ಜಿ ಬರೆದುಕೊಟ್ಟರೆ ಊಟದ ಬಿಲ್ಲಿನಲ್ಲಿ ಅರ್ಧ ತಡೆದುಕೊಳ್ಳುತ್ತಾರೆ, ಉಳಿದರ್ಧ ತಿಂಗಳು ತಿಂಗಳು ಕಟ್ಟಬೇಕು. ಹಾಸ್ಟೆಲ್ ಮೊದಲ ಪಟ್ಟಿಯಲ್ಲಿ ಸಿಗುವುದಿಲ್ಲ, ಎರಡನೆಯದರಲ್ಲಿ ಸಿಗುತ್ತದೆ. ಅಷ್ಟರತನಕ ವಾರ್ಡನ್ನರ ಒಪ್ಪಿಗೆ ಪಡೆದು ಯಾರದಾದರೂ ಕೋಣೆಯಲ್ಲಿ ಇರಬಹುದು. ಗದಗ ಕಡೆಯ ಒಬ್ಬಳು, ಒದ್ದೆ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು, “ನಮ್ಮ ಖೋಲಿಯೊಳಗ ಇರಲಿ ತಗೋರಿ. ಗೊರಕಿ ಹೊಡಿಯಂಗಿಲ್ಲಲ್ಲ ಆಕಿ?” ಎಂದಳು.

“ಆಕಿ ಹೊಡಿಯಂಗಿಲ್ಲ. ಅವರಪ್ಪ ಹೊಡೀತಾನ” ಎಂದರು ಚಾಚಾ. ಗೇಟಿನ ಎರಡೂ ಕಡೆ ನಗೆ. ಒಬ್ಬಳೂ ಹಿಂದೆ ತಿರುಗಿ ನೋಡಲಿಲ್ಲ.

ತಿರುಗಿ ಕಚೇರಿಗೆ ಬಂದಾಗ ಕಿಟಕಿಯವರು ಊಟ ಮುಗಿಸಿ ಬಂದಿದ್ದರು. ಅವರಿಗೆ ಮೊಮ್ಮಗ ಹುಟ್ಟಿದ್ದನಂತೆ, ಕಂಡವರಿಗೆಲ್ಲ ಪೇಡೆ ಹಂಚುತ್ತಿದ್ದರು. ನಾನು ಬೆಳಗಿನಿಂದ ಉಪವಾಸ. ಕೈ ತಾನಾಗಿಯೇ ಮುಂದೆ ಹೋಯಿತು, ಪೇಡೆ ತಾನಾಗಿಯೇ ಬಾಯಿಗೆ ಹೋಯಿತು. ಚಾಚಾ ನನ್ನ ಮುಖವನ್ನೇ ನೋಡುತ್ತ ನಿಂತರು. ಮಗಳು ಬಂದಾಗ ಗಂಭೀರವಾಗಿ ವರದಿ ಒಪ್ಪಿಸಿದರು: “ಬೇಟಿ, ನಿಮ್ಮಪ್ಪ ಮಾತ ಕೊಟ್ಟಬಿಟ್ಟ. ಇನ್ನ ಏನೂ ಮಾಡಾಕ ಬರೂದಿಲ್ಲ.”

ರೈಲಿನಲ್ಲಿ ನಾನು ಜಗಳ ತೆಗೆದೆ. ಪೇಡೆಯ ಆಧಾರದ ಮೇಲೆ ಮಗಳ ಭವಿಷ್ಯ ನಿರ್ಧರಿಸಲಾಗದು, ತಿಂಗಳ ಊಟದ ರೊಕ್ಕ ಎಲ್ಲಿಂದ ತರಲಿ, ಇದ್ದದ್ದನ್ನೆಲ್ಲ ಹತ್ತಿರದ್ದಕ್ಕೆ ಕಟ್ಟಿದ್ದೇನೆ ಎಂದೆ. ಚಾಚಾ ಪೇಡೆಯನ್ನು ಪಕ್ಕಕ್ಕಿಟ್ಟು ಮಾತಾಡಿದರು. “ಅಡಚಣಿ ಎಲ್ಲಾ ಮನಿಯೊಳಗೂ ಇರತೈತಿ ರೈಟ್ರ. ಇಲ್ಲಿ ಹುಡುಗ್ಯಾರು ಬಾಯಿ ಬಿಟ್ಟು ಹೇಳ್ತಾರ. ಹೇಳಿದ ಮ್ಯಾಲೆ ದಾರೀನೂ ಅವರ ತೋರಸ್ತಾರ. ಅಲ್ಲಿ ನಮ್ಮ ಹುಡುಗಿಗೆ ತ್ರಾಸ ಆದ್ರ, ಛಲೋ ಐತ್ರಿ ಅಂತಾಳ. ನಮಗ ಗೊತ್ತಾಗೂದು ಆಕಿ ತಿರಗಿ ಬಂದಾಗ.”

ಆ ಕೊನೆಯ ಮಾತನ್ನು ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. ನಾನು ಜಗಳ ನಿಲ್ಲಿಸಿದೆ.

ದೂರದ್ದೇ ಎಂದು ನಿಶ್ಚಯವಾಯಿತು. ನನ್ನ ಮಟ್ಟಿಗೆ ಹತ್ತಿರದ್ದರ ಸಂಗತಿ ಅಲ್ಲಿಗೆ ಮುಗಿದಿತ್ತು, ಕಟ್ಟಿದ್ದು ಹೋಯಿತು ಎಂದುಕೊಂಡೆ. ಚಾಚಾ ಮಾತ್ರ ಮರುದಿನ ಬೆಳಿಗ್ಗೆ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ಹಾಜರು.

“ನಡೀರಿ, ಅವರಿಗೆ ಹೇಳಿ ಬರೂಣು.”

“ಯಾರಿಗೆ ಚಾಚಾ?”

“ಆ ಮನಿಯವರಿಗೆ. ಮನಿ ನೋಡೇವಿ, ಚಹಾ ಕುಡದೇವಿ. ಇಲ್ಲ ಅನ್ನೂದಿದ್ರ ಹೋಗಿ ಕೈಮುಗದು ಇಲ್ಲ ಅನಬೇಕು. ಹಂಗ ಕಾಯಾಕ ಹಚ್ಚೂದು ಮನಶ್ಯಾರ ಲಕ್ಷಣ ಅಲ್ಲ.”

ವಿಶ್ವವಿದ್ಯಾಲಯ ಯಾರಿಗೂ ಕಾಯುವುದಿಲ್ಲ ಎಂದು ವಾದಿಸಿದೆ. ವ್ಯರ್ಥವಾಯಿತು. ಹೋದೆವು. ಕಚೇರಿಯ ಆ ಸಜ್ಜನ ಗುಮಾಸ್ತರ ಮೇಜಿನ ಮುಂದೆ ಚಾಚಾ ಎರಡು ಬಣ್ಣದ ಕೈ ಜೋಡಿಸಿ ನಿಂತು, “ತಪ್ಪ ತಿಳಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಮನಿ ಛಲೋ ಐತಿ. ಹುಡುಗೀದು ಬ್ಯಾರೆ ಕಡೆ ಗೊತ್ತಾತು” ಎಂದರು. ಗುಮಾಸ್ತರು ಮದುವೆಯೇ ಗೊತ್ತಾಯಿತೆಂದು ತಿಳಿದು ಶುಭ ಹಾರೈಸಿದರು. ನಾನು ತಿದ್ದಿ ಹೇಳಿದ ಮೇಲೆ ಪೆನ್ನು ಕೆಳಗಿಟ್ಟರು.

“ಸೀಟು ಬಿಡಾಕತ್ತೀರೇನು? ಹಂಗಾದ್ರ ಈಗಿಂದೀಗ ರದ್ದತಿ ಅರ್ಜಿ ಕೊಡ್ರಿ. ಇವತ್ತ ಕಡೀ ದಿನ. ಸ್ವಲ್ಪ ಮುರಕೊಂಡು ಉಳದದ್ದು ವಾಪಸ್ ಬರತೈತಿ. ಯಾರೂ ಬಂದು ಹೇಳೂದ ಇಲ್ರಿ, ಸೀಟು ಖಾಲಿ ಬೀಳತೈತಿ, ಅವರ ರೊಕ್ಕಾನೂ ಹೋಗತೈತಿ.”

ನಾನು ಜನ್ಮದಲ್ಲಿ ಬರೆದ ಅತಿ ಚಿಕ್ಕ ದಸ್ತಾವೇಜು ಅದು. ಅದರಲ್ಲೂ ‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ರೂಢಿಯಂತೆ ಸೇರಿಸಿದೆ. ಓದಿಸಿ ಕೇಳಿದ ಚಾಚಾ, “ಒತ್ತಾಯ ಇತ್ತು, ಇರಲಿ ಬಿಡ್ರಿ” ಎಂದರು. ಮಗಳ ಊಟದ ಬಿಲ್ಲಿನ ಅರ್ಧ ಆ ವರ್ಷ ನಡೆದದ್ದು ಹಾಗೆ ತಿರುಗಿ ಬಂದ ರೊಕ್ಕದಲ್ಲಿ. ಕಾಯುವವರ ಪಟ್ಟಿಯ ಮೊದಲ ಹುಡುಗಿಗೆ ನಮ್ಮ ಸೀಟು ಹೋಗುತ್ತದೆಂದು ಗುಮಾಸ್ತರು ಅಂದೇ ಹೇಳಿದ್ದರು. ಹುಡುಗಿ ಯಾವ ಊರವಳೆಂದು ಚಾಚಾ ವಿಚಾರಿಸಿದರು. ಗುಮಾಸ್ತರು ಹೇಳಲಿಲ್ಲ.

ವಿದ್ಯಾರ್ಥಿವೇತನ, ಆ ಹುಡುಗಿಯರು ಹೇಳಿದಂತೆ, ವರ್ಷ ಮುಗಿಯುವ ಹೊತ್ತಿಗೇ ಬಂತು. ಅಷ್ಟರಲ್ಲಿ ಚಾಚಾ ಹಾಸಿಗೆ ಹಿಡಿದಿದ್ದರು. ಶ್ವಾಸಕೋಶದ ಕಾಯಿಲೆ, ಹಾವೇರಿಯ ಆಸ್ಪತ್ರೆಗೆ ಹೋಗಿ ಬರುವುದೇ ಕೆಲಸವಾಯಿತು. ಮಗಳು ಪರೀಕ್ಷೆಯ ಮುಂಚಿನ ರಜೆಗೆ ಬಂದವಳು ನೇರ ಅವರ ಮಂಚದ ಪಕ್ಕ ಹೋಗಿ ಕೂತಳು.

“ಹೆಂಗೈತಿ ಬೇಟಿ ಮನಿ?”

ಶುರುವಾಯಿತು. ಸಾರು, ನೀರು, ಮಂಗ, ಬೇಕಾದಾಗ ಸಿಗದ ಪ್ರಯೋಗಾಲಯದ ಕೀಲಿ, ಗದಗದವಳ ಗೊರಕೆ. ಒಂದು ತಾಸು ದೂರು ಹೇಳಿದಳು. ಚಾಚಾ ಕಣ್ಣು ಮುಚ್ಚಿ, ತವರಿಗೆ ಬಂದ ಮಗಳ ಮಾತು ಕೇಳುವವರಂತೆ ಪ್ರತಿಯೊಂದಕ್ಕೂ ಹೂಂಗುಟ್ಟಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಮುಂದಿನ ವರ್ಷಾನೂ ರೊಕ್ಕ ಬರತೈತೇನು?”

“ಎಲ್ಲಾ ಪೇಪರ ಒಂದ ಸಲಕ್ಕ ಪಾಸಾದ್ರ ಬರತೈತ್ರಿ ಚಾಚಾ. ಒಂದ ಹೋದ್ರೂ ನಿಲ್ತೈತಿ.”

“ಒಂದ ಹೋದ್ರೂ?”

“ಹೂಂರಿ.”

ಆಕೆ ಪರೀಕ್ಷೆಗೆ ತಿರುಗಿ ಹೋದಳು. ಕೊನೆಯ ಪೇಪರಿನ ಹಿಂದಿನ ದಿನ ಮಧ್ಯಾಹ್ನ ಚಾಚಾ ತೀರಿಕೊಂಡರು. ಮಗಳಿಗೆ ಸುದ್ದಿ ಹೇಳಲು ನಾನು ಫೋನು ಕೈಗೆತ್ತಿಕೊಂಡಾಗ ಅವರ ಮಗಳು, ಅತ್ತು ಅತ್ತು ಕೆಂಪಾದ ಮುಖದವಳು, ಮನೆಯೊಳಗಿನಿಂದ ಬಂದು ನನ್ನ ಕೈ ತಡೆದಳು. “ಬ್ಯಾಡ್ರಿ ಕಾಕಾ. ಅಪ್ಪಾ ಹೇಳಿಟ್ಟಾರ. ಏನರ ಆದ್ರ, ಪೇಪರ ಮುಗಿಯೂ ತನಕ ಹುಡುಗಿಗೆ ತಿಳಸಬ್ಯಾಡ್ರಿ ಅಂದಾರ.”

ಸಂಜೆಗೇ ಮಣ್ಣಾಯಿತು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ರಾತ್ರಿ ಮಗಳು ಫೋನು ಮಾಡಿ ಚಾಚಾ ಹೇಗಿದ್ದಾರೆ ಎಂದಳು. “ಅರಾಮ ಮಲಗ್ಯಾರವಾ” ಎಂದೆ.

ಪೇಪರು ಮುಗಿದು ಸುದ್ದಿ ಗೊತ್ತಾದ ಮೇಲೆ ಆಕೆ ಬಂದು ಅವರ ಮನೆಯಲ್ಲೇ ಉಳಿದಳು. ಗೋಡೆಯ ಈಚೆ ನನ್ನೊಡನೆ ಬಹಳ ದಿನ ಮಾತಾಡಲಿಲ್ಲ. ಫಲಿತಾಂಶ ಬಂದಾಗ ಆ ಕೊನೆಯ ಪೇಪರಿನಲ್ಲಿಯೇ ಎಲ್ಲಕ್ಕಿಂತ ಕಡಿಮೆ ಅಂಕ, ಪಾಸಾಗಲು ಸಾಕಾಗುವಷ್ಟು. ಎರಡನೇ ವರ್ಷದ ವೇತನ ನಿಲ್ಲಲಿಲ್ಲ, ಓದೂ ನಿಲ್ಲಲಿಲ್ಲ. ಮೊದಲೇ ತಿಳಿದಿದ್ದರೆ ಅಷ್ಟೂ ಬರುತ್ತಿರಲಿಲ್ಲ ಎಂದು ನಾನು. ತಿಳಿದಿದ್ದರೂ ಬರೆದು ಬರುತ್ತಿದ್ದೆ ಎಂದು ಆಕೆ. ಈ ದಾವೆ ಇನ್ನೂ ಇತ್ಯರ್ಥವಾಗಿಲ್ಲ. ತೀರ್ಪು ಕೊಡಬೇಕಾದವರು ಈಗ ಇಲ್ಲ.